ಹಳೇ ಮ್ಯಾನುವಲ್ ಲೆನ್ಸ್‌ನಲ್ಲಿ ವಿಡಿಯೊ: ಒಂದರಲ್ಲಿ ದೂರದ್ದು ಫೋಕಸ್ ಆಗಲ್ಲ, ಇನ್ನೊಂದರಲ್ಲಿ ಫೋಕಸ್ ನಿಲ್ಲಲ್ಲ

ಮಸುಕುಚಿತ್ರ:
ನನ್ನದು ಕ್ಯಾನನ್ ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರಿನ) ಡಿಎಸ್‌ಎಲ್‌ಆರ್, ಇಎಫ್ ಮೌಂಟ್ (ಲೆನ್ಸ್ ಕೂರುವ ಜೋಡಣೆ). ಅಡಾಪ್ಟರ್ ಹಾಕಿ ಎರಡು ಲೆನ್ಸ್ ಬಳಸ್ತಿದ್ದೀನಿ: ಎಂ42 ಮೌಂಟಿನ ಹೀಲಿಯೋಸ್ 44-2 (58 ಎಂಎಂ) ಮತ್ತು ಕ್ಯಾನನ್ ಎಫ್‌ಡಿ 50 ಎಂಎಂ. ಎಫ್‌ಡಿಯಲ್ಲಿ ಫೋಕಸ್ ರಿಂಗನ್ನು ಇನ್ಫಿನಿಟಿವರೆಗೂ (ಅತಿ ದೂರದ ಗುರುತಿನವರೆಗೂ) ತಿರುಗಿಸಿದರೂ ಒಂದು ಮೀಟರಿನಾಚೆ ಎಲ್ಲ ಮಂಜು. ಹೀಲಿಯೋಸ್‌ನಲ್ಲಿ ದೂರದ್ದು ಸರಿಯಾಗಿದೆ. ಆದರೆ ಎದುರಿಗೆ ನಡೆದು ಬರುವವರನ್ನು ಎಫ್/2ರಲ್ಲಿ (ಲೆನ್ಸಿನ ಕಿಂಡಿ ಪೂರ್ತಿ ತೆರೆದು) ತೆಗೆದರೆ ಕ್ಯಾಮೆರಾ ಪರದೆಯಲ್ಲಿ ಚೆನ್ನಾಗಿ ಕಾಣುತ್ತೆ, ಕಂಪ್ಯೂಟರಿಗೆ ಹಾಕಿದರೆ ಕಣ್ಣು ಬಿಟ್ಟು ಕಿವಿ ಫೋಕಸ್ ಆಗಿರುತ್ತೆ. ಲೆನ್ಸ್ ಕೆಟ್ಟಿದೆಯಾ?

ಹಳೇಗಾಜು:
ಎರಡೂ ಕೆಟ್ಟ ಹಾಗೆ ಕಾಣಲ್ಲ. ಎಫ್‌ಡಿಗೆ ಹಾಕಿರೋ ಅಡಾಪ್ಟರಿನೊಳಗೆ ಗಾಜು ಇದೆಯಾ, ಬರೀ ಲೋಹದ ರಿಂಗಾ?

ಮಸುಕುಚಿತ್ರ:
ಬರೀ ರಿಂಗು.

ಹಳೇಗಾಜು:
ಹಾಗಿದ್ರೆ ಅದೇ ಕಾರಣ. ಎಫ್‌ಡಿ ಲೆನ್ಸ್ ಕೂರುವ ಜಾಗದಿಂದ ಸೆನ್ಸರಿಗೆ ಇರಬೇಕಾದ ದೂರ 42 ಮಿ.ಮೀ. ಇಎಫ್ ಬಾಡಿಯಲ್ಲಿ ಅದು ಆಗಲೇ 44. ಮೇಲೆ ಅಡಾಪ್ಟರಿನ ದಪ್ಪ ಬೇರೆ. 50 ಎಂಎಂ ಲೆನ್ಸ್ ಬರೀ 2 ಮಿ.ಮೀ. ಮುಂದೆ ಸರಿದರೂ ಅದರ ಅತಿ ದೂರದ ಫೋಕಸ್ ಸುಮಾರು ಒಂದೂಕಾಲು ಮೀಟರಿಗೇ ನಿಂತುಬಿಡುತ್ತೆ. ಬೇರೆ ಮೌಂಟುಗಳಲ್ಲಿ ಇದೇ ದೂರ ಎಂ42ಕ್ಕೆ 45.46, ಒಲಿಂಪಸ್ ಓಎಂಗೆ 46, ನಿಕಾನ್ ಎಫ್‌ಗೆ 46.5. ಇವೆಲ್ಲ 44ಕ್ಕಿಂತ ಜಾಸ್ತಿ ಇರೋದರಿಂದ ಮಿಕ್ಕ ದೂರವನ್ನು ಅಡಾಪ್ಟರಿನ ದಪ್ಪವೇ ತುಂಬುತ್ತೆ, ಬರೀ ರಿಂಗು ಸಾಕಾಗುತ್ತೆ. ಗಾಜಿರುವ ಎಫ್‌ಡಿ ಅಡಾಪ್ಟರ್ ಹಾಕಿದರೆ ಇನ್ಫಿನಿಟಿ ವಾಪಸ್ ಬರುತ್ತೆ ನಿಜ, ಆದರೆ ಅಗ್ಗದ ಗಾಜು ಅಂಚುಗಳನ್ನೆಲ್ಲ ಮಬ್ಬು ಮಾಡುತ್ತೆ. ನನ್ನನ್ನು ಕೇಳಿದರೆ ಎಫ್‌ಡಿಯನ್ನು ಕ್ಲೋಸಪ್ಪಿಗೆ ಇಟ್ಕೊಳ್ಳಿ, ಇಲ್ಲ ಈ ದೂರ ತುಂಬಾ ಕಮ್ಮಿ ಇರೋ ಮಿರರ್‌ಲೆಸ್ ಕ್ಯಾಮೆರಾ ತಗೊಳ್ಳೋವರೆಗೂ ಪೆಟ್ಟಿಗೆಯಲ್ಲಿಡಿ.

ರಿಂಗ್‌ಮಾಸ್ಟರ್:
ಹೀಲಿಯೋಸ್ ವಿಷಯ ನಾನು ಹೇಳ್ತೀನಿ. ಕ್ರಾಪ್ ಸೆನ್ಸರಿನಲ್ಲಿ 58 ಎಂಎಂ, ಎಫ್/2, ಎರಡು ಮೀಟರ್ ದೂರದ ಮುಖ ಅಂದರೆ ಫೋಕಸ್‌ನಲ್ಲಿ ಸಿಗೋ ಆಳ ಸುಮಾರು 9 ಸೆಂ.ಮೀ. ಅರ್ಧ ಹೆಜ್ಜೆ ಇಟ್ಟರೆ ಮುಗೀತು. ಅಷ್ಟು ಚಿಕ್ಕ ಪರದೆಯಲ್ಲಿ ಅದು ಕಾಣೋದೂ ಇಲ್ಲ. ಕಿಂಡಿಯನ್ನು ಎಫ್/5.6ಕ್ಕೆ ಕಿರಿದು ಮಾಡಿ, ಆಳ 25 ಸೆಂ.ಮೀ. ಹತ್ತಿರ ಹೋಗುತ್ತೆ. ಕತ್ತಲಾದರೆ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸ್ಪಂದನೆ) ಏರಿಸಿ, ಸ್ವಲ್ಪ ನಾಯ್ಸ್ (ಕಾಳುಕಾಳು) ಬಂದರೂ ನೋಡಬಹುದು, ಫೋಕಸ್ ತಪ್ಪಿದ ಕಣ್ಣನ್ನು ನೋಡೋಕಾಗಲ್ಲ. ಬಿಸಿಲಲ್ಲಿ ಉಲ್ಟಾ: ಸೆಕೆಂಡಿಗೆ 25 ಫ್ರೇಮಿಗೆ ಶಟರ್ 1/50 ಸೆಕೆಂಡಿನಲ್ಲೇ ಇರಲಿ, ಬೆಳಕು ಕಮ್ಮಿ ಮಾಡೋ ಎನ್‌ಡಿ ಫಿಲ್ಟರ್ ಹಾಕಿ.

ಆಮೇಲೆ, ನಡೆಯುವವರ ಜೊತೆ ಕಣ್ಣಂದಾಜಲ್ಲಿ ರಿಂಗ್ ತಿರುಗಿಸಬೇಡಿ. ಶುರುವಿನ ಜಾಗದಲ್ಲಿ ಅವರನ್ನು ನಿಲ್ಲಿಸಿ, ಲೈವ್ ವ್ಯೂ (ಪರದೆಯಲ್ಲಿ ಕಾಣೋ ಚಿತ್ರ) 10 ಪಟ್ಟು ದೊಡ್ಡದು ಮಾಡಿ ಕಣ್ರೆಪ್ಪೆಗೆ ಫೋಕಸ್ ಮಾಡಿ. ರಿಂಗಿಗೆ ಟೇಪ್ ಅಂಟಿಸಿ ಗೆರೆ ಎಳೀರಿ. ಕೊನೆಯ ಜಾಗಕ್ಕೂ, ನಡುವಿನ ಒಂದೆರಡು ಜಾಗಕ್ಕೂ ಹಾಗೇ. ರೆಕಾರ್ಡ್ ಆಗುವಾಗ ಗೆರೆಯಿಂದ ಗೆರೆಗೆ ತಿರುಗಿಸಿದರಾಯ್ತು. ರಿಂಗು ತುಂಬಾ ದೂರ ತಿರುಗೋದರಿಂದ ಈ ಕೆಲಸಕ್ಕೆ ಹಳೇ ಲೆನ್ಸೇ ವಾಸಿ.

ಮಸುಕುಚಿತ್ರ:
ರೆಕಾರ್ಡ್ ಆಗುವಾಗ 10 ಪಟ್ಟು ಬರ್ತಿಲ್ವಲ್ಲ?

ರಿಂಗ್‌ಮಾಸ್ಟರ್:
ಬಹುಪಾಲು ಡಿಎಸ್‌ಎಲ್‌ಆರ್‌ಗಳಲ್ಲಿ ಬರಲ್ಲ, ಅದಕ್ಕೇ ಟೇಪು. ಪೀಕಿಂಗ್ (ಫೋಕಸ್ ಆದ ಅಂಚುಗಳನ್ನು ಎದ್ದು ಕಾಣುವಂತೆ ತೋರಿಸೋದು) ಬೇಕೇಬೇಕು ಅಂದ್ರೆ ಎಚ್‌ಡಿಎಂಐ ಮಾನಿಟರ್ ಹಾಕಿ. ಕ್ಯಾಮೆರಾಗೆ ಹಾಕೋ ಮ್ಯಾಜಿಕ್ ಲ್ಯಾಂಟರ್ನ್ ಸಾಫ್ಟ್‌ವೇರ್‌ನಲ್ಲೂ ಪೀಕಿಂಗ್ ಇದೆ, ಆದರೆ ಅದು ಕ್ಯಾನನ್‌ನವರದ್ದಲ್ಲ, ಹೆಚ್ಚುಕಮ್ಮಿಯಾದರೆ ಹೊಣೆ ನಿಮ್ಮದೇ.

ಮಸುಕುಚಿತ್ರ:
ಎಫ್/5.6 ಮತ್ತು ಟೇಪ್ ಗೆರೆ, ಎರಡೂ ಸೇರಿ ಕೆಲಸ ಆಯ್ತು, ಕಣ್ಣು ಸಿಗ್ತಿದೆ. ಈಗ ಇನ್ನೊಂದು: ಫೋಕಸ್ ಹತ್ತಿರಕ್ಕೆ ತರುವಾಗ ಚಿತ್ರ ಸ್ವಲ್ಪ ಜೂಮ್ ಆದ ಹಾಗೆ ಕಾಣುತ್ತೆ.

ಹಳೇಗಾಜು:
ಅದು ಬ್ರೀದಿಂಗ್. ಲೆನ್ಸ್ ಮುಂದೆ ಸರಿದಷ್ಟೂ ಕಾಣುವ ಕೋನ ಕಿರಿದಾಗುತ್ತೆ. ರಿಪೇರಿ ಇಲ್ಲ. ಚೌಕಟ್ಟಿನಲ್ಲಿ ಯಾರಾದರೂ ಓಡಾಡುತ್ತಿರುವಾಗ ನಿಧಾನಕ್ಕೆ ತಿರುಗಿಸಿ, ನೋಡುವವರಿಗೆ ಗೊತ್ತಾಗಲ್ಲ.