ಫೋನಿನ ಸೀಲ್ ಪರೀಕ್ಷೆ: ‘ಗಾಳಿಯಾಡದ’ ಅಂದರೆ ಸರಿಹೋಗುತ್ತದಾ?

ಎಲ್ಲರಿಗೂ ನಮಸ್ಕಾರ,

ಫೋನ್, ಸ್ಮಾರ್ಟ್‌ವಾಚ್‌ಗಳ ಸೀಲ್ ಪರೀಕ್ಷಿಸುವ ಯಂತ್ರದ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನರಸಾಪುರ, ದೇವನಹಳ್ಳಿ ಕಡೆ ಈಗ ಫೋನ್ ಜೋಡಿಸುವ ಕೆಲಸ ನಡೆಯುತ್ತಿದೆ. ಲೈನ್‌ನಲ್ಲಿ ನಿಂತು ದುಡಿಯುವವರು ಓದಿದ ತಕ್ಷಣ ಅರ್ಥವಾಗಬೇಕು, ಅಷ್ಟೇ ನನ್ನ ಆಸೆ.

ಪರೀಕ್ಷೆಗೆಂದು ಪ್ರತಿ ಫೋನನ್ನೂ ನೀರಲ್ಲಿ ಮುಳುಗಿಸುವುದಿಲ್ಲ. ಸೀಲ್ ಸರಿಯಿಲ್ಲದಿದ್ದರೆ ಫೋನೇ ಹಾಳಾಗುತ್ತದೆ ಅಲ್ವಾ? ಅದಕ್ಕೆ ಗಾಳಿಯಲ್ಲೇ ನೋಡುತ್ತಾರೆ. ಫೋನಿನ ಆಕಾರಕ್ಕೇ ಕೊರೆದ ಅಚ್ಚಿನಲ್ಲಿ ಅದನ್ನಿಟ್ಟು, ಬಿಗಿಯಾಗಿ ಮುಚ್ಚಿ, ಗಾಳಿ ತುಂಬಿ, ವಾಲ್ವ್ ಬಂದ್ ಮಾಡುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಒತ್ತಡ ಎಷ್ಟು ಇಳಿಯಿತು ಅಂತ ಅಳೆಯುತ್ತಾರೆ. ಜಾಸ್ತಿ ಇಳಿದಿದ್ದರೆ ಗಾಳಿ ಫೋನಿನೊಳಗೆ ನುಗ್ಗಿದೆ ಅಂತ ಲೆಕ್ಕ. ಫೋನ್ ಬಿಸಿಯಾಗಿದ್ದರೂ ಅಳತೆ ತಪ್ಪುತ್ತದೆ.

ಇದಕ್ಕೆ ‘ಒತ್ತಡ ಕ್ಷಯ ಪರೀಕ್ಷೆ’ ಅನ್ನುವ ಸಲಹೆ ಬಂತು. ಕ್ಷಯ ಅಂದರೆ ನಮ್ಮ ಕಿವಿಗೆ ಕಾಯಿಲೆಯೇ. ಟೈರಿನ ‘ಗಾಳಿ ಇಳಿದಿದೆ’ ಅಂತ ಎಲ್ಲರೂ ಅನ್ನುತ್ತೇವೆ, ಹಾಗಾಗಿ ‘ಒತ್ತಡ ಇಳಿಕೆ ಪರೀಕ್ಷೆ’ ಎಂದೇ ಬರೆದಿದ್ದೇನೆ.

ತೊಡಕಿರುವುದು ‘ಏರ್‌ಟೈಟ್’ಗೆ ಬಳಸುವ ‘ಗಾಳಿಯಾಡದ’ ಎಂಬ ಪದದಲ್ಲಿ. ಚಕ್ಕುಲಿಯನ್ನು ಗಾಳಿಯಾಡದ ಡಬ್ಬಿಯಲ್ಲಿಡಿ ಅಂದರೆ ಒಳ್ಳೆಯ ಮಾತು. ಗಾಳಿಯಾಡದ ಕೋಣೆ ಅಂದರೆ ದೂರು. ಇನ್ನೊಂದು ವಿಷಯ, ಎಷ್ಟೋ ಫೋನ್‌ಗಳಲ್ಲಿ ಒಂದು ತೆಳು ಪೊರೆ ಇರುತ್ತದೆ. ಒಳಗಿನ ಒತ್ತಡ ಹೊರಗಿನದಕ್ಕೆ ಸಮನಾಗಲೆಂದು ಅದು ಗಾಳಿಯನ್ನು ಬಿಡುತ್ತದೆ, ನೀರನ್ನು ತಡೆಯುತ್ತದೆ. ಅಂಥ ಫೋನನ್ನು ‘ಗಾಳಿಯಾಡದ’ ಅನ್ನುವುದು ತಪ್ಪೇ. ‘ಗಾಳಿ ಬಿಗಿ’ ಆಗಬಹುದಾ?

‘ಜಲನಿರೋಧಕ’ವೂ ತೀರಾ ದೊಡ್ಡ ಮಾತು. ಧೂಳು, ನೀರನ್ನು ಎಷ್ಟು ತಡೆಯುತ್ತದೆ ಅಂತ ಹೇಳುವ ದರ್ಜೆ ‘ಐಪಿ’. ಐಪಿ67 ಅಂದರೆ ಧೂಳು ಒಳಗೆ ಹೋಗುವುದಿಲ್ಲ, 1 ಮೀಟರ್ ಆಳದ ನೀರಲ್ಲಿ 30 ನಿಮಿಷ ತಡೆಯುತ್ತದೆ ಅಂತ. ಪೈಪಿನಿಂದ ರಭಸವಾಗಿ ಬಡಿಯುವ ನೀರಿಗೆ ಅದು ಭರವಸೆ ಕೊಡುವುದಿಲ್ಲ. ಹಾಗಾಗಿ ‘ನೀರು ಇಳಿಯದ’ ಅಂತ ಬರೆದು, ಆಳ, ಹೊತ್ತು ಎರಡನ್ನೂ ಜೊತೆಗೇ ಕೊಡುವುದು ನನಗೆ ಸರಿ ಅನ್ನಿಸುತ್ತದೆ.

‘ಸೋರಿಕೆ’ ಬಗ್ಗೆಯೂ ನಿಮ್ಮ ಅಭಿಪ್ರಾಯ ಬೇಕು. ಬಿಂದಿಗೆ ಸೋರಿದರೆ ನೀರು ಹೊರಗೆ, ಮಾಡು ಸೋರಿದರೆ ಒಳಗೆ. ಎರಡೂ ಕಡೆಗೆ ಒಗ್ಗುವ ಪದ, ನನಗಂತೂ ಇಷ್ಟ. ಆದರೆ ನೀರಿನಂತೆ ಗಾಳಿಯೂ ‘ಸೋರುತ್ತದೆ’ ಅಂತ ನಿಮ್ಮ ಕಡೆ ಅನ್ನುತ್ತಾರಾ? ಇಂಥ ಲೈನ್‌ಗಳಲ್ಲಿ ಕೆಲಸ ಮಾಡಿದವರಿದ್ದರೆ, ಅಲ್ಲಿ ಬಾಯಲ್ಲಿ ಓಡಾಡುವ ಪದಗಳನ್ನು ದಯವಿಟ್ಟು ತಿಳಿಸಿ.