ವಿಆರ್ ಪೆಟ್ಟಿಗೆಯಲ್ಲಿ ಪಟ್ಟದಕಲ್ಲು: ತಲೆ ತಿರುಗಿಸಿದರೂ ಚಿತ್ರ ತಿರುಗುತ್ತಿಲ್ಲ, ಕೆಲವು ಚಪ್ಪಟೆಯಾಗಿ ಕಾಣುತ್ತಿವೆ

ಪ್ರಶ್ನೆ: ಸಮಾಜ ವಿಜ್ಞಾನ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಮ್ಮದು ಹಳ್ಳಿಯ ಪ್ರೌಢಶಾಲೆ. ದಾನಿಗಳೊಬ್ಬರು ಫೋನ್ ಕೂರಿಸಿ ನೋಡುವ 12 ವಿಆರ್ (ವರ್ಚುವಲ್ ರಿಯಾಲಿಟಿ) ಪೆಟ್ಟಿಗೆಗಳನ್ನೂ, ಅವುಗಳ ಜೊತೆಗೆ ಬಳಸಿ ಬಿಟ್ಟ 12 ಆಂಡ್ರಾಯ್ಡ್ ಫೋನುಗಳನ್ನೂ ಕೊಟ್ಟಿದ್ದಾರೆ. ಎಂಟನೆಯ ತರಗತಿಯ 36 ಮಕ್ಕಳನ್ನು ಪಟ್ಟದಕಲ್ಲಿಗೆ ಕರೆದೊಯ್ಯಲು ಬೇಕಾದ ಬಸ್ಸಿನ ಖರ್ಚು ಈ ವರ್ಷ ಹೊಂದಿಬರಲಿಲ್ಲ. ಆದ್ದರಿಂದ ನಾನೂ ನಮ್ಮ ಗಣಿತದ ಮೇಷ್ಟ್ರೂ ಒಂದು ಭಾನುವಾರ ಅಲ್ಲಿಗೆ ಹೋಗಿ, ಎರವಲು ತಂದ 360 ಡಿಗ್ರಿ ಕ್ಯಾಮೆರಾದಲ್ಲಿ ವಿರೂಪಾಕ್ಷ, ಸಂಗಮೇಶ್ವರ ಮತ್ತು ಪಾಪನಾಥ ದೇವಾಲಯಗಳ 14 ಚಿತ್ರಗಳನ್ನು ತೆಗೆದುಕೊಂಡು ಬಂದೆವು. ಪಾಠದ ಹಿಂದಿನ ದಿನ ಪರೀಕ್ಷಿಸಿದಾಗ ಕೆಳಗಿನ ತೊಂದರೆಗಳು ಕಂಡುಬಂದವು.

4 ಫೋನುಗಳಲ್ಲಿ ತಲೆಯೆತ್ತಿದರೆ ಆಕಾಶ, ತಗ್ಗಿಸಿದರೆ ನೆಲ ಸರಿಯಾಗಿಯೇ ಕಾಣುತ್ತದೆ. ಆದರೆ ಎಡಕ್ಕೋ ಬಲಕ್ಕೋ ತಿರುಗಿದರೆ ಚಿತ್ರ ಅಲುಗುವುದೇ ಇಲ್ಲ. ಇನ್ನು 3 ಫೋನುಗಳಲ್ಲಿ ಚಿತ್ರ ಸುತ್ತ ಆವರಿಸಿಕೊಳ್ಳುವ ಬದಲು, ಕಂಬಗಳೆಲ್ಲ ಬಾಗಿದ ಒಂದು ಅಗಲವಾದ ಪಟ್ಟಿಯಂತೆ ಎದುರಿಗೆ ನಿಲ್ಲುತ್ತದೆ. 7ನೆಯ ಪೆಟ್ಟಿಗೆಯಲ್ಲಿ ಯಾವ ಫೋನ್ ಇಟ್ಟರೂ ದೇವಾಲಯ ನಿಧಾನವಾಗಿ ತಾನಾಗಿಯೇ ಎಡಕ್ಕೆ ಸರಿಯುತ್ತಾ ಹೋಗುತ್ತದೆ. ಹಲವು ಮಕ್ಕಳಿಗೆ ಎಲ್ಲವೂ ಎರಡೆರಡಾಗಿ ಕಾಣುತ್ತಿದೆ. ಇದಲ್ಲದೆ, ಪೆಟ್ಟಿಗೆಯ ಜೊತೆ ಬಂದ ಚೀಟಿಯಲ್ಲಿ ಗೂಗಲ್ ಎಕ್ಸ್‌ಪೆಡಿಷನ್ಸ್ ಆ್ಯಪ್ ಹಾಕಿಕೊಳ್ಳಬೇಕೆಂದು ಬರೆದಿದೆ, ಆದರೆ ಅದು ಪ್ಲೇ ಸ್ಟೋರಿನಲ್ಲಿ ಸಿಗುತ್ತಿಲ್ಲ. ಪೆಟ್ಟಿಗೆಗಳು ಕೆಟ್ಟಿವೆಯೆಂದು ಹಿಂದಿರುಗಿಸುವುದೇ, ಬೇರೆ ದಾರಿ ಇದೆಯೇ, ದಯವಿಟ್ಟು ತಿಳಿಸಿ.

ಉತ್ತರ 1: ಶಾಲಾ ತಂತ್ರಜ್ಞಾನ ಪ್ರಯೋಗಾಲಯದ ಮಾರ್ಗದರ್ಶಕ

ಮೇಡಂ, ಹಿಂದಿರುಗಿಸುವ ಅಗತ್ಯ ಇರಲಾರದು. ಈ ಪೆಟ್ಟಿಗೆಯೆಂದರೆ ಎರಡು ಮಸೂರ ಮತ್ತು ಒಂದಿಷ್ಟು ರಟ್ಟು, ಅಷ್ಟೇ. ಮಿಕ್ಕ ಕೆಲಸವೆಲ್ಲ ಫೋನಿನದು. ಆದ್ದರಿಂದ ಮೊದಲು ಫೋನುಗಳನ್ನು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಅದಲುಬದಲು ಮಾಡಿ ನೋಡಿ. ತೊಂದರೆ ಫೋನಿನ ಜೊತೆಗೇ ಹೋದರೆ ಅದು ಫೋನಿನದು, ಪೆಟ್ಟಿಗೆಯಲ್ಲೇ ಉಳಿದರೆ ಪೆಟ್ಟಿಗೆಯದು.

ಎಡಬಲಕ್ಕೆ ತಿರುಗದ 4 ಫೋನುಗಳ ಬಗ್ಗೆ ನೀವು ಬರೆದ ಲಕ್ಷಣವೇ ಕಾರಣವನ್ನು ಹೇಳಿಬಿಡುತ್ತದೆ: ಅವುಗಳಲ್ಲಿ ತಿರುಗುವಿಕೆಯನ್ನು ಅಳೆಯುವ ಗೈರೋಸ್ಕೋಪ್ ಎಂಬ ಸಂವೇದಕ ಇಲ್ಲ. ಎಲ್ಲ ಫೋನುಗಳಲ್ಲೂ ಇರುವ ಆ್ಯಕ್ಸೆಲೆರೋಮೀಟರ್ ಗುರುತ್ವಾಕರ್ಷಣೆಯ ದಿಕ್ಕನ್ನು ಅಳೆಯುತ್ತದೆ. ಹಾಗಾಗಿ ಫೋನ್ ಮೇಲಕ್ಕೆ ಬಾಗಿತೋ ಕೆಳಕ್ಕೆ ಬಾಗಿತೋ ಎಂಬುದು ಅದಕ್ಕೆ ತಿಳಿಯುತ್ತದೆ. ಆದರೆ ನೆಟ್ಟಗೆ ಕುಳಿತು ಪಕ್ಕಕ್ಕೆ ತಿರುಗಿದಾಗ ಗುರುತ್ವದ ದಿಕ್ಕು ಫೋನಿನ ಪಾಲಿಗೆ ಕಿಂಚಿತ್ತೂ ಬದಲಾಗುವುದಿಲ್ಲವಾದ್ದರಿಂದ, ಆ ತಿರುಗಾಟವನ್ನು ಹಿಡಿಯಲು ಗೈರೋಸ್ಕೋಪೇ ಬೇಕು. ಕಡಿಮೆ ಬೆಲೆಯ ಎಷ್ಟೋ ಫೋನುಗಳಲ್ಲಿ ತಯಾರಕರು ಇದನ್ನು ಬಿಟ್ಟಿರುತ್ತಾರೆ. ಸಂವೇದಕಗಳನ್ನು ಪಟ್ಟಿಮಾಡಿ ತೋರಿಸುವ ಉಚಿತ ಆ್ಯಪ್ ಒಂದನ್ನು ಹಾಕಿ ನೋಡಿದರೆ ಒಂದು ನಿಮಿಷದಲ್ಲಿ ಖಚಿತವಾಗುತ್ತದೆ. ಇದಕ್ಕೆ ರಿಪೇರಿ ಇಲ್ಲ. ಆ ಫೋನುಗಳಲ್ಲಿ ಪೆಟ್ಟಿಗೆಯಿಲ್ಲದೆ ಬೆರಳಿನಿಂದ ಚಿತ್ರವನ್ನು ಎಳೆದು ನೋಡಬಹುದು.

ಎಕ್ಸ್‌ಪೆಡಿಷನ್ಸ್ ಆ್ಯಪನ್ನು ಹುಡುಕಿ ದಣಿಯಬೇಡಿ, 2021ರ ಜೂನ್ 30ರಂದೇ ಅದು ನಿಂತುಹೋಯಿತು. ಅದರ ಪ್ರವಾಸಗಳಲ್ಲಿ ಹೆಚ್ಚಿನವು ಗೂಗಲ್ ಆರ್ಟ್ಸ್ ಅಂಡ್ ಕಲ್ಚರ್‌ಗೆ ಸೇರಿಕೊಂಡವು. ಶಿಕ್ಷಕರು ತಮ್ಮ ಫೋನಿನಿಂದ ಎಲ್ಲ ಮಕ್ಕಳಿಗೂ ಏಕಕಾಲಕ್ಕೆ ಒಂದೇ ಜಾಗವನ್ನು ತೋರಿಸುವುದು ಅದರ ಮುಖ್ಯ ಅನುಕೂಲವಾಗಿತ್ತು. ಹಾಗಿದ್ದರೂ ನಿಮ್ಮದೇ ಚಿತ್ರಗಳಿರುವಾಗ ಅದು ಬೇಕಾಗಿಯೂ ಇಲ್ಲ. ಕಡತಗಳನ್ನು ಪ್ರತಿ ಫೋನಿಗೂ ಹಾಕಿಟ್ಟರೆ ತರಗತಿಯಲ್ಲಿ ಇಂಟರ್ನೆಟ್ಟಿನ ಗೊಡವೆಯೇ ಇರುವುದಿಲ್ಲ.

ಚಪ್ಪಟೆಯಾಗಿ ಕಾಣುವ 3 ಫೋನುಗಳಿಗೆ ಚಿತ್ರಗಳನ್ನು ಹೇಗೆ ಕಳಿಸಿದಿರಿ?

ಪ್ರಶ್ನೆ ಕೇಳಿದವರು

ಸರ್, ಧನ್ಯವಾದಗಳು. ಆ್ಯಪ್ ಹಾಕಿ ನೋಡಿದೆ, ಆ 4 ಫೋನುಗಳಲ್ಲಿ ಗೈರೋಸ್ಕೋಪ್ ಇಲ್ಲವೆಂದೇ ತೋರಿಸಿತು. ಮೊದಲ 9 ಫೋನುಗಳಿಗೆ ಲ್ಯಾಪ್‌ಟಾಪಿನಿಂದ ಕೇಬಲ್ ಮೂಲಕ ಹಾಕಿದ್ದೆವು. ಅಷ್ಟರಲ್ಲಿ ಕರೆಂಟ್ ಹೋದದ್ದರಿಂದ ಉಳಿದ 3ಕ್ಕೆ ನಮ್ಮ ಶಿಕ್ಷಕರ ಮೆಸೇಜ್ ಗುಂಪಿನಲ್ಲಿ ಚಿತ್ರಗಳನ್ನು ಹಾಕಿ ಅಲ್ಲಿಂದ ಇಳಿಸಿಕೊಂಡೆವು.

ಉತ್ತರ 1 (ಮುಂದುವರಿದುದು)

ಅಲ್ಲಿಗೆ ಆ ಗುಟ್ಟೂ ರಟ್ಟಾಯಿತು. 360 ಡಿಗ್ರಿ ಚಿತ್ರವೂ ಮೂಲತಃ ಒಂದು ಸಾಮಾನ್ಯ ಜೆಪಿಜಿ ಕಡತವೇ. ಭೂಪಟದಲ್ಲಿ ಗೋಳವನ್ನು ಬಿಡಿಸಿ ಹರಡುವಂತೆ, ಇಡೀ ಸುತ್ತಲಿನ ನೋಟವನ್ನು ಅಗಲ ಎರಡು ಪಾಲು, ಎತ್ತರ ಒಂದು ಪಾಲು ಇರುವ ಆಯತದಲ್ಲಿ ಹರಡಿರುತ್ತಾರೆ. ಇದನ್ನು ಮತ್ತೆ ಗೋಳವಾಗಿ ಸುತ್ತಬೇಕೆಂದು ಆ್ಯಪಿಗೆ ತಿಳಿಸುವ ಒಂದು ಸಣ್ಣ ಗುರುತು ಕಡತದ ಒಳಗೆ ಅಡಗಿರುತ್ತದೆ. ಮೆಸೇಜ್ ಆ್ಯಪಿನಲ್ಲಿ ಫೋಟೊ ಎಂದು ಕಳಿಸಿದಾಗ ಅದು ಚಿತ್ರವನ್ನು ಕುಗ್ಗಿಸುವುದಲ್ಲದೆ ಈ ಗುರುತನ್ನೂ ಕಿತ್ತುಹಾಕಿಬಿಡುತ್ತದೆ.

ಗುರುತನ್ನು ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶದಿಂದ ಮರಳಿ ಸೇರಿಸಬಹುದು, ಆದರೆ ಆ ದಾರಿ ಹಿಡಿಯಬೇಡಿ, ಏಕೆಂದರೆ ಕುಗ್ಗಿದ ಚಿತ್ರ ಮರಳಿ ಹಿಗ್ಗುವುದಿಲ್ಲ. ನಿಮ್ಮ ಕ್ಯಾಮೆರಾದ ಚಿತ್ರ 5376 ಪಿಕ್ಸೆಲ್ ಅಗಲವಿದೆ ಎಂದುಕೊಳ್ಳೋಣ. ಅದು 360 ಡಿಗ್ರಿಗೆ ಹಂಚಿಹೋಗುತ್ತದೆ. ಪೆಟ್ಟಿಗೆಯಲ್ಲಿ ಮಗುವಿನ ಕಣ್ಣಿಗೆ ಒಮ್ಮೆಗೆ ಸುಮಾರು 90 ಡಿಗ್ರಿ ಕಾಣುತ್ತದೆಯಾದ್ದರಿಂದ 1344 ಪಿಕ್ಸೆಲ್ ಸಿಕ್ಕಂತಾಯಿತು. ಅದೇ ಚಿತ್ರ 1600 ಪಿಕ್ಸೆಲ್ಲಿಗೆ ಕುಗ್ಗಿದ್ದರೆ ಕಣ್ಣ ಮುಂದೆ ಉಳಿಯುವುದು ಬರೀ 400. ವಿರೂಪಾಕ್ಷ ದೇವಾಲಯದ ಕಂಬಗಳ ಮೇಲೆ ರಾಮಾಯಣ, ಮಹಾಭಾರತಗಳ ಪಟ್ಟಿಕೆಗಳಿವೆಯಲ್ಲವೇ, ಆ 400 ಪಿಕ್ಸೆಲ್ಲಿನಲ್ಲಿ ರಾಮನೂ ಕಾಣನು, ರಾವಣನೂ ಕಾಣನು. ಮೂಲ ಕಡತಗಳನ್ನೇ ಕೇಬಲ್ಲಿನಿಂದಲೋ ಪೆನ್‌ಡ್ರೈವಿನಿಂದಲೋ ಹಾಕಿರಿ. ಅನಿವಾರ್ಯವಾಗಿ ಮೆಸೇಜಿನಲ್ಲೇ ಕಳಿಸಬೇಕಾದರೆ ಫೋಟೊ ಎಂದಲ್ಲದೆ ಡಾಕ್ಯುಮೆಂಟ್ ಎಂದು ಕಳಿಸಿ.

ಉತ್ತರ 2: ಭೌತಶಾಸ್ತ್ರದ ನಿವೃತ್ತ ಉಪನ್ಯಾಸಕ

ಎರಡೆರಡಾಗಿ ಕಾಣುವುದಕ್ಕೆ ನಾನು ಉತ್ತರಿಸುತ್ತೇನೆ. ಪರದೆಯ ನಡುವೆ ಎಡಗಣ್ಣಿನ ಮತ್ತು ಬಲಗಣ್ಣಿನ ಚಿತ್ರಗಳನ್ನು ಬೇರ್ಪಡಿಸುವ ಒಂದು ತೆಳುಗೆರೆ ಇರುತ್ತದೆ. ಅದು ಪೆಟ್ಟಿಗೆಯ ನಡುಗೋಡೆಗೆ ಸರಿಯಾಗಿ ಎದುರಾಗಿರಬೇಕು. ಜನ ಫೋನನ್ನೇ ಮಧ್ಯಕ್ಕೆ ಕೂರಿಸುತ್ತಾರೆ, ಎಡವುವುದು ಅಲ್ಲಿಯೇ. ಮುಂಗ್ಯಾಮೆರಾಕ್ಕಾಗಿ ಪರದೆಯಲ್ಲಿ ಕಚ್ಚು ಇರುವ ಫೋನುಗಳಲ್ಲಿ ಹಲವು ಆ್ಯಪ್‌ಗಳು ಆ ಬದಿಯ ಪಟ್ಟಿಯನ್ನು ಬಿಟ್ಟು ಚಿತ್ರ ಬಿಡಿಸುವುದರಿಂದ, ಗೆರೆಯು ಫೋನಿನ ನಿಜವಾದ ಮಧ್ಯದಿಂದ ಒಂದೆರಡು ಮಿಲಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಅಷ್ಟು ಸಾಕು, ಕಣ್ಣು ಎರಡು ಚಿತ್ರಗಳನ್ನು ಕೂಡಿಸಲಾರದು. ಗೆರೆಯನ್ನು ನೋಡಿಕೊಂಡು ಫೋನ್ ಕೂರಿಸಿ, ಸರಿಹೊಂದಿದ ಜಾಗವನ್ನು ಪೆಟ್ಟಿಗೆಯ ಅಂಚಿನ ಮೇಲೆ ಪೆನ್ಸಿಲಿನಿಂದ ಗುರುತು ಮಾಡಿಡಿ.

ಎರಡನೆಯದಾಗಿ, ಪೆಟ್ಟಿಗೆಯ ಮೇಲೆ ಕ್ಯೂಆರ್ ಕೋಡ್ ಇದ್ದರೆ ಅದನ್ನು ಆ್ಯಪಿನಲ್ಲಿ ಒಮ್ಮೆ ಸ್ಕ್ಯಾನ್ ಮಾಡಿ. ಅದು ಜಾಹೀರಾತಲ್ಲ, ಆ ಪೆಟ್ಟಿಗೆಯ ಮಸೂರಗಳ ಅಂತರ, ಬಾಗು ಮೊದಲಾದ ವಿವರಗಳು ಅದರಲ್ಲಿವೆ. ಇಷ್ಟಾದರೂ ಒಂದಿಬ್ಬರು ಮಕ್ಕಳಿಗೆ ಕೂಡಿಬಾರದಿದ್ದರೆ ಒತ್ತಾಯಿಸಬೇಡಿ. ವಯಸ್ಕರ ಕಣ್ಣುಪಾಪೆಗಳ ಅಂತರ ಸರಾಸರಿ 63 ಮಿಲಿಮೀಟರ್. ಮಕ್ಕಳದು ಅದಕ್ಕಿಂತ ಕಡಿಮೆ, ಪೆಟ್ಟಿಗೆಯ ಮಸೂರಗಳೋ ಅಲುಗಾಡದಂತೆ ಕೂತಿರುತ್ತವೆ.

ಇನ್ನು 7ನೆಯ ಪೆಟ್ಟಿಗೆ. ಅದರ ಪಕ್ಕದಲ್ಲಿ ಉಂಗುರದಂತಹ ಅಥವಾ ಬಿಲ್ಲೆಯಂತಹ ಲೋಹದ ಗುಂಡಿ ಇದೆಯೇ ನೋಡಿ. 2014ರ ಮೊದಲ ಗೂಗಲ್ ಕಾರ್ಡ್‌ಬೋರ್ಡ್ (ಗೂಗಲ್‌ನ ರಟ್ಟಿನ ವಿಆರ್ ಪೆಟ್ಟಿಗೆ) ಮಾದರಿಯಲ್ಲಿ ಗುಂಡಿಯ ಕೆಲಸಕ್ಕೆ ಆಯಸ್ಕಾಂತವನ್ನು ಬಳಸಿದ್ದರು; ಅದನ್ನು ಸರಿಸಿದಾಗ ಫೋನಿನ ದಿಕ್ಸೂಚಿ ಸಂವೇದಕ ಗುರುತಿಸುತ್ತಿತ್ತು. 2015ರ ಪರಿಷ್ಕೃತ ಮಾದರಿಯಲ್ಲಿ ಪರದೆಯನ್ನೇ ಮುಟ್ಟುವ ಸನ್ನೆಕೋಲು ಬಂದಿತು. ನಿಮ್ಮ ಆ್ಯಪ್ ದಿಕ್ಕನ್ನು ತಿಳಿಯಲು ದಿಕ್ಸೂಚಿಯನ್ನೂ ನೆಚ್ಚಿಕೊಂಡಿದ್ದರೆ, ಪಕ್ಕದಲ್ಲೇ ಕುಳಿತ ಆಯಸ್ಕಾಂತ ಅದರ ದಾರಿ ತಪ್ಪಿಸುತ್ತದೆ.

ಉತ್ತರ 3: ಖಾಸಗಿ ಶಾಲೆಯೊಂದರ ಕಂಪ್ಯೂಟರ್ ಶಿಕ್ಷಕ

ಇಷ್ಟು ಒದ್ದಾಡುವ ಬದಲು ಫೋನಿನ ಹಂಗಿಲ್ಲದ ಎರಡು ಸ್ವತಂತ್ರ ವಿಆರ್ ಹೆಡ್‌ಸೆಟ್ ಕೊಂಡರೆ ಒಳ್ಳೆಯದಲ್ಲವೇ? ನಮ್ಮಲ್ಲಿ ಮೆಟಾ ಕ್ವೆಸ್ಟ್ 2 ಬಳಸುತ್ತಿದ್ದೇವೆ. ಮಸೂರಗಳ ಅಂತರವನ್ನು 58, 63, 68 ಮಿಲಿಮೀಟರ್‌ಗಳಿಗೆ ಬದಲಿಸಿಕೊಳ್ಳಬಹುದು.

ಉತ್ತರ 2 (ಮುಂದುವರಿದುದು)

ಸರ್, ನೋಟದ ಗುಣಮಟ್ಟದಲ್ಲಿ ನಿಮ್ಮ ಮಾತು ಸರಿ. ಆದರೆ 36 ಮಕ್ಕಳಿಗೆ 2 ಹೆಡ್‌ಸೆಟ್ ಎಂದರೆ ತಲಾ 5 ನಿಮಿಷದಂತೆ 90 ನಿಮಿಷ ಬೇಕು, ಅಂದರೆ ಎರಡು ಪೀರಿಯಡ್ಡಿಗೂ ಮೀರಿತು. ಅರ್ಧ ಕಿಲೊ ತೂಕ, ಖಾತೆ, ವಯಸ್ಸಿನ ನಿಯಮ, ಚಾರ್ಜಿಂಗ್ ಎಲ್ಲವೂ ಸೇರಿಕೊಳ್ಳುತ್ತವೆ. ಮೇಡಂ ಬಳಿ ಇರುವುದು ನಿಂತಲ್ಲೇ ನೋಡುವ ಸ್ಥಿರಚಿತ್ರಗಳು. ಅವಕ್ಕೆ ಪೆಟ್ಟಿಗೆಯೇ ಸಾಕೆಂದು ನನ್ನ ಅಭಿಪ್ರಾಯ. ಹೆಡ್‌ಸೆಟ್ ಬಳಸುವವರು ಒಂದು ಮಾತನ್ನು ಮರೆಯಬಾರದು: ಕಿಟಕಿಯ ಬಳಿ ಮಸೂರ ಮೇಲಾಗಿ ಇಟ್ಟರೆ ಬಿಸಿಲು ಅದರೊಳಗೆ ಕೇಂದ್ರೀಕರಿಸಿ ಪರದೆಯನ್ನು ಸುಟ್ಟುಬಿಡುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಪಾಠ ಮುಗಿಯಿತು, ಆದದ್ದನ್ನು ಬರೆಯುತ್ತೇನೆ. ಮೂಲ ಕಡತಗಳನ್ನು ಹಾಕಿದ ಕೂಡಲೇ 3 ಫೋನುಗಳೂ ಸರಿಹೋದವು. ಗೈರೋಸ್ಕೋಪ್ ಇರುವ 8 ಫೋನುಗಳನ್ನು ಪೆಟ್ಟಿಗೆಗಳಲ್ಲಿಟ್ಟು, ಉಳಿದ 4ನ್ನು ಬೆರಳಿನಿಂದ ಎಳೆದು ನೋಡಲು ಬೆಂಚಿನ ಮೇಲಿಟ್ಟೆವು. 12 ಮಕ್ಕಳ 3 ಗುಂಪು ಮಾಡಿ, ಒಂದು ಗುಂಪು ನೋಡುವಾಗ ಇನ್ನೊಂದು ದೇವಾಲಯದ ನಕ್ಷೆ ಬಿಡಿಸುವಂತೆ, ಮತ್ತೊಂದು ಪುಸ್ತಕದಲ್ಲಿ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದ ರಾಣಿ ಲೋಕಮಹಾದೇವಿಯ ಭಾಗವನ್ನು ಓದುವಂತೆ ಏರ್ಪಡಿಸಿದೆವು. ಮಕ್ಕಳನ್ನು ಸ್ಟೂಲಿನ ಮೇಲೆ ಕೂರಿಸಿದ್ದರಿಂದ ಯಾರೂ ಬೀಳಲಿಲ್ಲ. ಒಬ್ಬಳಿಗೆ ತಲೆಸುತ್ತು ಬಂದಿತು, ಪೆಟ್ಟಿಗೆ ತೆಗೆಸಿ ನೀರು ಕೊಟ್ಟು ಹೊರಗೆ ಕೂರಿಸಿದ ಮೇಲೆ ಸರಿಹೋಯಿತು. “ಈಗ ನಿಮ್ಮ ಬೆನ್ನ ಹಿಂದೆ ನಂದಿಮಂಟಪ ಇದೆ, ತಿರುಗಿ” ಎಂದು ನಾನು ಕೂಗಿದಾಗ ಎಂಟೂ ಪೆಟ್ಟಿಗೆಗಳು ಒಟ್ಟಿಗೆ ತಿರುಗಿದ್ದನ್ನು ನೀವು ನೋಡಬೇಕಿತ್ತು.

ನಮ್ಮ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಅನುಮತಿಯಿಲ್ಲದೆ ಟ್ರೈಪಾಡ್ ನಿಲ್ಲಿಸುವಂತಿಲ್ಲವಾದ್ದರಿಂದ ಕ್ಯಾಮೆರಾವನ್ನು ತಲೆಯ ಮೇಲೆ ಕೈಯೆತ್ತಿ ಹಿಡಿದು ತೆಗೆದಿದ್ದೆವು. ಹಾಗಾಗಿ ಮಕ್ಕಳಿಗೆ ತಾವು ಗಾಳಿಯಲ್ಲಿ ನೇತಾಡುತ್ತಿರುವಂತೆ ಅನಿಸಿತು. ಕೆಳಗೆ ನೋಡಿದರೆ ಗಣಿತದ ಮೇಷ್ಟ್ರ ನಡುನೆತ್ತಿ. ಇಡೀ ತರಗತಿ ಎರಡು ನಿಮಿಷ ದೇವಾಲಯವನ್ನು ಬಿಟ್ಟು ಅದನ್ನೇ ನೋಡಿತು. ಮುಂದಿನ ಸಲ ಕ್ಯಾಮೆರಾವನ್ನು ಮಕ್ಕಳ ಕಣ್ಣಿನ ಎತ್ತರಕ್ಕೇ ಹಿಡಿಯುತ್ತೇವೆ.

7ನೆಯ ಪೆಟ್ಟಿಗೆಯಲ್ಲಿ ಇದ್ದದ್ದು ಆಯಸ್ಕಾಂತದ ಬಿಲ್ಲೆಯೇ. ಒಳಗಿನದು ಅಂಟಿನಲ್ಲಿತ್ತು, ಚಮಚದ ಹಿಡಿಯಿಂದ ಎಬ್ಬಿಸಿ ತೆಗೆದ ಮೇಲೆ ದೇವಾಲಯ ನಿಂತಲ್ಲೇ ನಿಂತಿತು. ಆ ಬಿಲ್ಲೆಯನ್ನು ವಿಜ್ಞಾನದ ಮೇಡಂ ಕೇಳಿ ಪಡೆದುಕೊಂಡಿದ್ದಾರೆ.