ಮಂಗಳೂರಿನ ಹಳೆ ಬಂದರಿನಲ್ಲಿ ಬೆಳೆದವರು ಯಾರಿದ್ದೀರಿ?

ದಕ್ಕೆ ಹುಡುಗ: ನಮ್ಮ ಮನೆ ದಕ್ಕೆ, ಅಂದರೆ ಬೋಟು ನಿಲ್ಲುವ ಕಟ್ಟೆಯ ಹತ್ತಿರವೇ ಇತ್ತು. ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳಿಗೆ (ಸರಕಿನ ಮರದ ಹಡಗುಗಳಿಗೆ) ಅಕ್ಕಿ, ತರಕಾರಿ, ಸಿಮೆಂಟು, ಕೆಲವೊಮ್ಮೆ ಆಡುಗಳನ್ನೂ ಹತ್ತಿಸುವುದನ್ನು ನೋಡುತ್ತಾ ನಿಂತು ಶಾಲೆಯಲ್ಲಿ ಬೈಸಿಕೊಂಡದ್ದೇ ಜಾಸ್ತಿ. ನಿಮಗೇನು ನೆನಪಿದೆ?

ಬೆಂಗ್ರೆಯವಳು: ನಾವು ಆಚೆ ದಡದವರು, ಫೆರಿಯಲ್ಲೇ ಶಾಲೆಗೆ ಬರುತ್ತಿದ್ದೆವು. ಮಳೆಗಾಲದಲ್ಲಿ ಫಲ್ಗುಣಿ ನದಿ ಕೆಂಪಾಗಿ ಉಕ್ಕಿದರೆ ಅಮ್ಮ ಕಳಿಸುತ್ತಿರಲಿಲ್ಲ. ಅದೇ ಖುಷಿ!

ಉಪ್ಪುನೀರು: ಜೂನ್, ಜುಲೈಯಲ್ಲಿ ಮೀನುಗಾರಿಕೆಗೆ ರಜೆ ಅಲ್ವಾ, ಬೋಟುಗಳೆಲ್ಲ ಒತ್ತೊತ್ತಾಗಿ ನಿಂತಿರುತ್ತಿದ್ದವು. ಒಂದರಿಂದ ಇನ್ನೊಂದಕ್ಕೆ ಹಾರುವುದೇ ನಮ್ಮ ಆಟ. ಒಮ್ಮೆ ಜಾರಿ ಬಿದ್ದೆ, ಖಲಾಸಿಯೊಬ್ಬರು ಅಂಗಿ ಹಿಡಿದು ಎಳೆದರು. ಡೀಸೆಲ್ ವಾಸನೆ ಮೂರು ದಿನ ಹೋಗಲಿಲ್ಲ, ಸುಳ್ಳು ಹೇಳಲೂ ಆಗಲಿಲ್ಲ.

ದಕ್ಕೆ ಹುಡುಗ: ಹಹ, ನಾನೂ ಬಿದ್ದಿದ್ದೇನೆ. ಮನೆಯಲ್ಲಿ ಇನ್ನೂ ಗೊತ್ತಿಲ್ಲ.